ತೂಕದ ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅದರ ಮೊದಲರ್ಧವನ್ನು ನಾವು ಮಕ್ಕಳಿಗೆ ದಿನವೂ ಬೋಧಿಸುತ್ತೇವೆ. ಉತ್ತರಾರ್ಧವು ಹಿರಿಯರಾದ ನಮಗೂ ಸಲ್ಲುತ್ತದೆಂಬುದನ್ನು ಮಾತ್ರ ಮರೆಯುತ್ತೇವೆ. ನನಗಿದು ಮನವರಿಕೆಯಾದುದು ಬೆಂಗಳೂರಿನಲ್ಲಿ, ವೈದ್ಯರೊಬ್ಬರ ಕೋಣೆಯ ಹೊರಗಿದ್ದ ಬೆಂಚಿನ ಮೇಲೆ.

ನನ್ನ ಅಕ್ಕನ ಮಗಳಿಗೆ 14 ವರ್ಷ. ಎರಡು ವರ್ಷಗಳಿಂದೀಚೆಗೆ ಅವಳ ಮೈತೂಕ ಏರುತ್ತಲೇ ಇತ್ತು. ಮನೆಯಲ್ಲಿ ದೊಡ್ಡ ಸಮಾಲೋಚನೆಯೇ ನಡೆಯಿತು. ಇನ್ನು ಮೇಲೆ ಅನ್ನ ಬೇಡ, ಚಪಾತಿಯೇ ಸಾಕು ಎಂದಳು ಅಕ್ಕ. ಬೆಳಗಿನ ಐದು ಗಂಟೆಗೆ ಎಬ್ಬಿಸಿ ಓಡಿಸಬೇಕೆಂದರು ಭಾವ. "ಬೆಳೆಯುವ ಕೂಸು, ತಿನ್ನಲಿ ಬಿಡಿ" ಎಂದು ನನ್ನ ತಾಯಿ ತುಪ್ಪದ ಬಟ್ಟಲನ್ನು ಮುಂದಕ್ಕೆ ಸರಿಸಿದರು. ನಾನಂತೂ ಆ ಹುಡುಗಿಯನ್ನು ತೊಟ್ಟಿಲಲ್ಲಿದ್ದಾಗಿನಿಂದ 'ಗುಂಡಮ್ಮ' ಎಂದೇ ಕರೆದವನು; ಅಂದೂ ಹಾಗೆಯೇ ಕರೆದು ನಕ್ಕೆ. ಎಲ್ಲರೂ ಮಾತನಾಡಿದೆವು. ಅವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ವೈದ್ಯರ ಮುಂದೆಯೂ ಅದೇ ನಡೆಯಿತು. "ನಿನಗೆ ಹಸಿವಾಗುವುದು ಯಾವ ಹೊತ್ತಿನಲ್ಲಿ?" ಎಂದು ಅವರು ಹುಡುಗಿಯನ್ನು ಕೇಳಿದರೆ ಅಕ್ಕ ಉತ್ತರಿಸಿದಳು. ನಿದ್ದೆಯ ವಿಚಾರಕ್ಕೆ ಭಾವ ಉತ್ತರಿಸಿದರು. ಆ ವೈದ್ಯೆ ಲೇಖನಿಯನ್ನು ಕೆಳಗಿಟ್ಟು, ದಾದಿಯೊಬ್ಬಳನ್ನು ಜೊತೆಗಿರಿಸಿಕೊಂಡು, ನಮ್ಮನ್ನು ಸೌಜನ್ಯದಿಂದಲೇ ಹೊರಗೆ ಕಳುಹಿಸಿದರು. ಅರ್ಧ ಗಂಟೆಯ ಮೇಲೆ ನಮಗೆ ಕರೆ ಬಂದಿತು. ಏನನ್ನು ಮನೆಯವರಿಗೆ ತಿಳಿಸಬಹುದು, ಏನನ್ನು ಬೇಡ ಎಂಬುದನ್ನೂ ಅವಳನ್ನೇ ಕೇಳಿ ನಿಶ್ಚಯಿಸಿದ್ದರು.

ಶಾಲೆಯಲ್ಲಿ ಅವಳು ಊಟದ ಡಬ್ಬಿಯನ್ನು ತೆರೆದರೆ ಪಕ್ಕದವರು ನಗುತ್ತಿದ್ದರಂತೆ; ಹಾಗಾಗಿ ಮಧ್ಯಾಹ್ನ ಉಪವಾಸ. ಸಂಜೆ ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ಹಸಿವು ತಡೆಯಲಾರದೆ ಬೇಕರಿಯಲ್ಲಿ ಎರಡು ಪಫ್ಸ್, ಒಂದು ಬಾಟಲಿ ಸಿಹಿ ಸೋಡ. ಆಟದ ಉಡುಪಿನಲ್ಲಿ ಕಂಡರೆ ಹಾಸ್ಯಮಾಡುವರೆಂದು ಪ್ರಿಯವಾದ ಥ್ರೋಬಾಲನ್ನೂ ಬಿಟ್ಟಿದ್ದಳು. ನಾಲ್ವರು ಹಿರಿಯರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ನಮ್ಮ ಚಪಾತಿಯಾಗಲಿ ಓಟವಾಗಲಿ ಈ ರೋಗದ ಬೇರನ್ನು ಮುಟ್ಟುವಂತಿರಲಿಲ್ಲ.

ಹಾಗೆಂದು ಎಲ್ಲವನ್ನೂ ಹುಡುಗಿಯ ಇಚ್ಛೆಗೇ ಬಿಡಲಿಲ್ಲ. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ವೈದ್ಯರು ಅಳತೆಗೋಲಾಗಿ ಬಳಸುತ್ತಾರಷ್ಟೆ. ಬೆಳೆಯುವ ಮಕ್ಕಳಲ್ಲಿ ಅದನ್ನು ವಯಸ್ಸಿಗೂ ಲಿಂಗಕ್ಕೂ ಹೋಲಿಸಿಯೇ ನೋಡಬೇಕು. ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿಯು 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ನಕ್ಷೆಗಳು ಇರುವುದು ಅದಕ್ಕಾಗಿಯೇ. ರಕ್ತದೊತ್ತಡ, ರಕ್ತದ ಸಕ್ಕರೆ ಇವುಗಳ ಪರೀಕ್ಷೆ ಆಗಲೇಬೇಕೆಂದು ಹೇಳಿದ ವೈದ್ಯರು ಅದು ಏಕೆಂಬುದನ್ನು ಹುಡುಗಿಗೇ ವಿವರಿಸಿದರು. ಆದರೆ ಮೊದಲು ಬದಲಿಸಬೇಕಾದುದು ಏನು, ಯಾವ ಕ್ರಮದಲ್ಲಿ ಎಂಬ ಪ್ರಶ್ನೆಯನ್ನು ಅವಳ ಮುಂದಿಟ್ಟರು.

ಅವಳು ಮೂರು ಸಂಗತಿಗಳನ್ನು ಹೇಳಿದಳು. ಸಂಜೆಗೆ ಮನೆಯಿಂದಲೇ ಉಪ್ಪಿಟ್ಟನ್ನೋ ರೊಟ್ಟಿಯನ್ನೋ ಕಟ್ಟಿಕೊಡಬೇಕು. ತನಗೊಂದು ಅಡಿಗೆ, ತಮ್ಮನಿಗೊಂದು ಅಡಿಗೆ ಎಂದಾಗಬಾರದು. ಮನೆಗೆಲ್ಲ ಒಂದೇ ಇರಬೇಕು. ದಿನವೂ ತೂಕದ ಯಂತ್ರದ ಮೇಲೆ ನಿಲ್ಲಿಸಬಾರದು. ಇವುಗಳಲ್ಲಿ ಒಂದಾದರೂ ಅವಿವೇಕದ ಮಾತೇ? ಸಿಹಿ ಸೋಡವನ್ನು ತಾನಾಗಿಯೇ ಬಿಡುವೆನೆಂದೂ ಒಪ್ಪಿಕೊಂಡಳು.

ಪತ್ರಿಕೆಯಲ್ಲಿ ಓದಿದ ಚುಚ್ಚುಮದ್ದಿನ ವಿಚಾರವನ್ನು ಭಾವ ಎತ್ತಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬೊಜ್ಜುಳ್ಳ 12 ವರ್ಷ ಮೀರಿದ ಮಕ್ಕಳಿಗೆ ಔಷಧವನ್ನೂ ಸೂಚಿಸಿರುವುದು ನಿಜ. ಆದರೆ ಆಹಾರ, ಚಟುವಟಿಕೆಗಳ ಮಾರ್ಪಾಟಿನ ಜೊತೆಗೆ ಎಂದು ಅಲ್ಲಿ ಹೇಳಿದೆ. ಅದಕ್ಕಾಗಿ 3ರಿಂದ 12 ತಿಂಗಳೊಳಗೆ ಕನಿಷ್ಠ 26 ಗಂಟೆಗಳ ಮುಖಾಮುಖಿ ಮಾರ್ಗದರ್ಶನವನ್ನು ಕುಟುಂಬದ ಸಮೇತ ಪಡೆಯಬೇಕೆಂದೂ ಇದೆ. "ಔಷಧ ಬೇಕಾಗುವ ಕಾಲ ಬಂದರೆ, ಅದರ ಗುಣದೋಷಗಳನ್ನು ಮೊದಲು ಇವಳೊಡನೆಯೇ ಮಾತನಾಡೋಣ" ಎಂದರು ವೈದ್ಯರು. ಚುಚ್ಚಿಸಿಕೊಳ್ಳುವ ತೋಳು ಅವಳದಲ್ಲವೇ?

ಮಕ್ಕಳ ಕೈಗೆ ಬಿಟ್ಟರೆ ಐಸ್‌ಕ್ರೀಮನ್ನೇ ಊಟವೆಂದಾರು ಎಂದು ವಾಚಕರಲ್ಲಿ ಕೆಲವರಾದರೂ ನಗಬಹುದು. ಕೇಳುವುದು ಬೇರೆ, ಕೈಗೆ ಬಿಡುವುದು ಬೇರೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿ, ಭಾರತವು 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯ ತಾತ್ಪರ್ಯವೂ ಇದೇ: ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ಮಾತನಾಡಬೇಕು, ವಯಸ್ಸು, ಪ್ರಬುದ್ಧತೆಗಳಿಗೆ ತಕ್ಕಂತೆ ಆ ಮಾತಿಗೆ ತೂಕವಿರಬೇಕು. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದ ನಮ್ಮ ಪ್ರಾಚೀನರಿಗೂ ಇದರ ಮರ್ಮ ತಿಳಿದಿತ್ತು. ತಾನೇ ಒಪ್ಪಿದ ನಿಯಮವನ್ನು ಮನುಷ್ಯನು ಮುರಿದರೂ ಮತ್ತೆ ಹಿಡಿಯುತ್ತಾನೆ. ಹೇರಿದ ನಿಯಮವನ್ನು ಕದ್ದು ಮುರಿಯುತ್ತಾನೆ, ಮುರಿದದ್ದನ್ನು ಮುಚ್ಚಿಡುತ್ತಾನೆ. ನಮ್ಮ ಹುಡುಗಿ ಬೇಕರಿಯ ಮೂಲೆಯಲ್ಲಿ ಒಬ್ಬಳೇ ನಿಂತು ತಿನ್ನುತ್ತಿದ್ದುದು ನಾಲಗೆಯ ಚಪಲದಿಂದ ಮಾತ್ರವೇ ಅಲ್ಲ.

ಇದಾಗಿ ಐದು ತಿಂಗಳಾದವು. ತೂಕ ಇಳಿದದ್ದು ಅಲ್ಪ. ಆದರೆ ಏರುವುದು ನಿಂತಿದೆ. ಬೆಳೆಯುವ ವಯಸ್ಸಿನಲ್ಲಿ ಕೆಲವರಿಗೆ ಅದೂ ಒಳ್ಳೆಯ ಫಲವೇ ಎಂದು ವೈದ್ಯರು ಹೇಳಿದ್ದಾರೆ. ಮಧ್ಯಾಹ್ನದ ಡಬ್ಬಿ ಬರಿದಾಗಿ ಮನೆಗೆ ಬರುತ್ತಿದೆ. ಥ್ರೋಬಾಲು ಮತ್ತೆ ಆರಂಭವಾಗಿದೆ.

ನನ್ನ ಪಾಲಿನ ಚಿಕಿತ್ಸೆಯೂ ಒಂದಿತ್ತು. ಅಂದು ಮನೆಗೆ ಹಿಂದಿರುಗುವಾಗ ಹುಡುಗಿ ಕಾರಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಮಾಮ, ಇನ್ನು ಮೇಲೆ ನನ್ನನ್ನು ಹೆಸರು ಹಿಡಿದೇ ಕರಿ" ಎಂದಳು. ಹದಿನಾಲ್ಕು ವರ್ಷ ಮುದ್ದೆಂದು ನಾನು ತಿಳಿದಿದ್ದ ಮಾತು ಅವಳಿಗೆ ಎಷ್ಟು ಭಾರವಾಗಿತ್ತೆಂಬುದನ್ನು ಯಾವ ಯಂತ್ರವೂ ನನಗೆ ತೋರಿಸಿರಲಿಲ್ಲ. ಈಗ ಹೆಸರು ಹಿಡಿದೇ ಕರೆಯುತ್ತೇನೆ. ಒಮ್ಮೊಮ್ಮೆ ಹಳೆಯ ಅಭ್ಯಾಸದಿಂದ ನಾಲಗೆ ತಡವರಿಸುತ್ತದೆ; ಆಗ ಅವಳು ತಿರುಗಿ ನೋಡುತ್ತಾಳೆ, ನಾನು ತಿದ್ದಿಕೊಳ್ಳುತ್ತೇನೆ.