ರಕ್ತಭೇದಿಯೆಲ್ಲ ಆಮಶಂಕೆಯಲ್ಲ

ಮಲದಲ್ಲಿ ರಕ್ತ, ಲೋಳೆ ಕಂಡೊಡನೆ ನಮ್ಮಲ್ಲಿ ಅನೇಕರು 'ಆಮಶಂಕೆ' ಎಂದು ತಾವೇ ತೀರ್ಮಾನಿಸಿ, ಔಷಧಿ ಅಂಗಡಿಯಿಂದ ಮೆಟ್ರೊನಿಡಜೋಲ್ ಮಾತ್ರೆ ತಂದು ನುಂಗುತ್ತಾರೆ. ಕೆಲವರು ಮೂಲವ್ಯಾಧಿಯೆಂದು ಸಂಕೋಚದಿಂದ ಮುಚ್ಚಿಡುತ್ತಾರೆ. ಆದರೆ ತೊಂದರೆ ವಾರಗಟ್ಟಲೆ ಮುಂದುವರಿದರೆ ಅಥವಾ ಪದೇ ಪದೇ ಮರುಕಳಿಸಿದರೆ ಅದು ಕರುಳಿನ ಉರಿಯೂತದ ಕಾಯಿಲೆ ಇರಬಹುದು. ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಇದರ ಎರಡು ಮುಖ್ಯ ಬಗೆಗಳು.

ನಮ್ಮ ದೊಡ್ಡ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳಿವೆ. ಸೊಪ್ಪು, ಕಾಳು, ರಾಗಿಯ ನಾರಿನಂಶದಿಂದ ಅವು ತಯಾರಿಸುವ ಬ್ಯುಟಿರೇಟ್ ಎಂಬ ವಸ್ತುವೇ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ಉರಿಯೂತದ ರೋಗಿಗಳಲ್ಲಿ ಇಂತಹ ಉಪಕಾರಿ ಬ್ಯಾಕ್ಟೀರಿಯಾಗಳು ಕಡಿಮೆಯಾಗಿರುವುದು ಕಂಡುಬಂದಿದೆ. ಹೀಗಿರುವಾಗ ಬೇಡದ ಆಂಟಿಬಯಾಟಿಕ್ ಅವನ್ನು ಇನ್ನಷ್ಟು ಕೊಲ್ಲುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ರೋಗಪತ್ತೆ ತಡವಾಗುವುದು.

'ಮಜ್ಜಿಗೆ ಕುಡಿದರೆ ಸಾಕು' ಎನ್ನುವವರೂ ಇದ್ದಾರೆ. ಮಜ್ಜಿಗೆ ಒಳ್ಳೆಯ ಆಹಾರವೇ. ಆದರೆ ಈ ರೋಗಕ್ಕೆ ಅದು ಔಷಧಿಯಲ್ಲ. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಪ್ರೋಬಯಾಟಿಕ್ ಕ್ಯಾಪ್ಸೂಲನ್ನೇ ನಂಬುವುದೂ ಸರಿಯಲ್ಲ.

ರಕ್ತಭೇದಿ ಬೇಗ ನಿಲ್ಲದಿದ್ದರೆ, ಭೇದಿಗಾಗಿ ರಾತ್ರಿ ನಿದ್ದೆಯಿಂದ ಏಳಬೇಕಾದರೆ, ತೂಕ ಇಳಿದರೆ ವೈದ್ಯರನ್ನು ಕಾಣಿರಿ. ರಕ್ತ ಹೆಚ್ಚು ಹೋಗುತ್ತಿದ್ದರೆ ಅಥವಾ ಜೊತೆಗೆ ಜ್ವರವಿದ್ದರೆ ಅದೇ ದಿನ ಹೋಗಿ. ಕೊಲೊನೊಸ್ಕೋಪಿ ಮಾಡಿಸಲು ಹೇಳಿದರೆ ಹೆದರಬೇಡಿ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯಂತೆಯೇ ಕಾಣಿಸಿಕೊಳ್ಳುತ್ತದೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಕ್ಷಯವನ್ನು ಉಲ್ಬಣಗೊಳಿಸುತ್ತದೆ. ಆದ್ದರಿಂದ ಚಿಕಿತ್ಸೆಗೆ ಮುನ್ನ ಬಯಾಪ್ಸಿ ಪರೀಕ್ಷೆ ಅಗತ್ಯ. ಮಾತ್ರೆಯ ಹೆಸರು ಗೊತ್ತಿದ್ದ ಮಾತ್ರಕ್ಕೆ ರೋಗದ ಹೆಸರೂ ಗೊತ್ತಿದೆ ಎಂದು ಭಾವಿಸಬೇಡಿ.