ಒಂದೇ ಜಾಗ, ಇಬ್ಬರು ಹುಡುಗರು

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ತಟ್ಟೆ ದೋಸೆ ಹಾಗೇ ತಣ್ಣಗಾಯಿತು. ಎಂಟನೇ ಕ್ಲಾಸಿನ ಮೊಮ್ಮಗ ಮುಖ ಊದಿಸಿಕೊಂಡು ಕೂತಿದ್ದ. ಎರಡು ವರ್ಷದಿಂದ ಶಾಲೆಯ ಕ್ರಿಕೆಟ್ ತಂಡದಲ್ಲಿ ಪಾಯಿಂಟ್‌ನಲ್ಲಿ ನಿಲ್ಲುತ್ತಿದ್ದವನು ಅವನು. ಈ ವರ್ಷ ಬೇರೆ ಊರಿನಿಂದ ಬಂದು ಸೇರಿದ ಹುಡುಗನೊಬ್ಬ ಆ ಜಾಗ ಹಿಡಿದ. ನಮ್ಮವನು ಹನ್ನೆರಡನೆಯವನಾದ. "ಇನ್ನು ಆಟಾನೇ ಬೇಡ ತಾತ" ಅಂದುಬಿಟ್ಟ.

ಬುದ್ಧಿ ಹೇಳಿದರೆ ಈ ವಯಸ್ಸಿನವರು ಎದ್ದು ಹೋಗುತ್ತಾರೆ. ಕಥೆ ಹೇಳಿದರೆ ಕೂರುತ್ತಾರೆ. ಅದಕ್ಕೇ ಅಮೆರಿಕದ ಇಬ್ಬರು ಬೇಸ್‌ಬಾಲ್ ಹುಡುಗರ ಕಥೆ ತೆಗೆದೆ. ಮಕ್ಕಳೇ, ನೀವೂ ಕೇಳಿ.

ಮೊದಲು ಆಟದ ವಿಷಯ ಎರಡು ಮಾತು. ಬೇಸ್‌ಬಾಲ್ ಮೈದಾನದಲ್ಲಿ ಒಂದು ಚೌಕವಿರುತ್ತದೆ. ಅದರ ನಾಲ್ಕು ಮೂಲೆಗಳೇ ಬೇಸ್‌ಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ಮೊದಲ, ಎರಡನೆಯ, ಮೂರನೆಯ ಬೇಸ್‌ಗಳ ಹತ್ತಿರ ಒಬ್ಬೊಬ್ಬರು ನಿಲ್ಲುತ್ತಾರೆ. ಎರಡಕ್ಕೂ ಮೂರಕ್ಕೂ ನಡುವೆ ಇನ್ನೊಬ್ಬ, ಅವನ ಹೆಸರು ಶಾರ್ಟ್‌ಸ್ಟಾಪ್. ಈ ನಾಲ್ವರೂ ಇನ್‌ಫೀಲ್ಡರುಗಳು. ಬ್ಯಾಟಿಗೆ ತಾಗಿ ನೆಲಕ್ಕೆ ಉಜ್ಜಿಕೊಂಡು ನುಗ್ಗುವ ಚೆಂಡನ್ನು ಬಾಚಿ, ಹೊಡೆದವನು ಓಡಿ ಮುಟ್ಟುವ ಮೊದಲೇ ಮೊದಲ ಬೇಸ್‌ಗೆ ಎಸೆಯಬೇಕು. ಸಿಗುವುದು ಸುಮಾರು ನಾಲ್ಕು ಸೆಕೆಂಡು. ಶಾರ್ಟ್‌ಸ್ಟಾಪ್‌ನ ಕೈಗೆ ಬಿಡುವೇ ಇಲ್ಲ, ಹಾಗಾಗಿ ಎಲ್ಲ ಹುಡುಗರಿಗೂ ಆ ಜಾಗವೇ ಬೇಕು.

2002ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಇಬ್ಬರು ಶಾರ್ಟ್‌ಸ್ಟಾಪ್‌ಗಳು ಬಂದು ಸೇರಿದರು. ಒಬ್ಬ ಇಯಾನ್ ಕಿನ್ಸ್‌ಲರ್, ಅದೇ ರಾಜ್ಯದ ಟೂಸಾನ್ ಊರಿನವನು. ಇನ್ನೊಬ್ಬ ಕ್ಯಾಲಿಫೋರ್ನಿಯಾದ ವುಡ್‌ಲ್ಯಾಂಡ್‌ನ ಡಸ್ಟಿನ್ ಪೆಡ್ರೊಯಾ. ಅಪ್ಪ ಅಮ್ಮ ಟೈರ್ ಅಂಗಡಿ ಇಟ್ಟಿದ್ದವರು. ಕುಳ್ಳ ಬೇರೆ. ಐದು ಅಡಿ ಒಂಬತ್ತು ಇಂಚು ಎಂದು ಪಟ್ಟಿಯಲ್ಲಿ ಬರೆಯುತ್ತಿದ್ದರು, ಅದೂ ಸ್ವಲ್ಪ ಧಾರಾಳವಾಗಿ.

ಸೀಸನ್ ಶುರುವಾದಾಗ ಶಾರ್ಟ್‌ಸ್ಟಾಪ್ ಜಾಗ ಕಿನ್ಸ್‌ಲರ್‌ನದು. ಆಮೇಲೆ ಅದು ಪೆಡ್ರೊಯಾ ಪಾಲಾಯಿತು. ಕಿನ್ಸ್‌ಲರ್ ಎರಡನೇ ಬೇಸ್‌ಗೆ ಸರಿದ, ಅಲ್ಲಿಂದ ಬೆಂಚಿಗೆ. "ನನ್ನ ಥರಾನೇ" ಅಂದ ಮೊಮ್ಮಗ. ದೋಸೆಯ ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಂಡ.

ಕಿನ್ಸ್‌ಲರ್ ಆಟ ಬಿಡಲಿಲ್ಲ, ಕಾಲೇಜು ಬಿಟ್ಟ. ಮಿಸೌರಿ ವಿಶ್ವವಿದ್ಯಾಲಯಕ್ಕೆ ಹೋಗಿ ಸೇರಿದ.

ಇತ್ತ ಪೆಡ್ರೊಯಾ ಮಾಡಿದ ಕೆಲಸವನ್ನೂ ಹೇಳಬೇಕು. ಅಮೆರಿಕದ ಕಾಲೇಜುಗಳಲ್ಲಿ ಆಟಗಾರರಿಗೆ ವಿದ್ಯಾರ್ಥಿವೇತನ ಉಂಟು. ಬೇಸ್‌ಬಾಲ್‌ಗೆ ಆಗ ಒಂದು ತಂಡಕ್ಕೆ ಸಿಗುತ್ತಿದ್ದದ್ದು 11.7. ಹನ್ನೊಂದೂ ಅಲ್ಲ, ಹನ್ನೆರಡೂ ಅಲ್ಲ! ಬಿ.ಕಾಂ. ಓದಿದ ನನಗೆ ಈ ದಶಾಂಶ ಕಂಡು ಬಹಳ ಖುಷಿಯಾಯಿತು. ಅಷ್ಟನ್ನು ತಂಡದ ಹುಡುಗರಿಗೆಲ್ಲ ತುಂಡುತುಂಡಾಗಿ ಹಂಚಬೇಕು. ಒಳ್ಳೆಯ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ತಂಡಕ್ಕೆ ಬರಲಿ ಎಂದು ಪೆಡ್ರೊಯಾ ತನ್ನ ಪಾಲಿನ ವಿದ್ಯಾರ್ಥಿವೇತನ ಬಿಟ್ಟುಕೊಟ್ಟ. ಟೈರ್ ಅಂಗಡಿಯ ಮನೆಗೆ ಅದು ಸಣ್ಣ ಮೊತ್ತವಾಗಿರಲಿಕ್ಕಿಲ್ಲ.

ಕಾಲೇಜಿನಲ್ಲಿ ಮೂರು ವರ್ಷ ಕಳೆದ ಆಟಗಾರರನ್ನು ದೊಡ್ಡ ಕ್ಲಬ್‌ಗಳು ಸರದಿಯಲ್ಲಿ ಒಬ್ಬೊಬ್ಬರನ್ನಾಗಿ ಹೆಸರು ಕೂಗಿ ಆರಿಸಿಕೊಳ್ಳುತ್ತವೆ. ಅದು ಡ್ರಾಫ್ಟ್. ನಮ್ಮ ಐಪಿಎಲ್ ಹರಾಜಿನ ಹಾಗೆ ಬೆಲೆ ಏರಿಸುವುದಿಲ್ಲ. 2003ರಲ್ಲಿ ಟೆಕ್ಸಸ್ ರೇಂಜರ್ಸ್ ಕ್ಲಬ್ ಕಿನ್ಸ್‌ಲರ್ ಹೆಸರು ಕೂಗಿದ್ದು ಹದಿನೇಳನೇ ಸುತ್ತಿನಲ್ಲಿ. ಅವನಿಗಿಂತ ಮೊದಲು 495 ಹೆಸರುಗಳಾಗಿದ್ದವು. ಮರುವರ್ಷ ಬಾಸ್ಟನ್ ರೆಡ್ ಸಾಕ್ಸ್ ಪೆಡ್ರೊಯಾನನ್ನು 65ನೆಯವನಾಗಿ ತೆಗೆದುಕೊಂಡಿತು.

ಆಯ್ಕೆಯಾದ ಮಾತ್ರಕ್ಕೆ ದೊಡ್ಡ ಮೈದಾನ ಸಿಗುವುದಿಲ್ಲ. ನಮ್ಮ ಬ್ಯಾಂಕಿನ ಪ್ರೊಬೇಷನ್ ಆರು ತಿಂಗಳು. ಅವರದು ವರ್ಷಗಟ್ಟಲೆ, ಸಣ್ಣ ಊರುಗಳ ಮೈನರ್ ಲೀಗ್‌ನಲ್ಲಿ. ಕಿನ್ಸ್‌ಲರ್‌ಗೆ ಸ್ಪೋಕೇನ್, ಮಿಸಿಸಿಪ್ಪಿ ನದಿ ದಂಡೆಯ ಕ್ಲಿಂಟನ್, ಫ್ರಿಸ್ಕೊ, ಒಕ್ಲಹೋಮ. ಪೆಡ್ರೊಯಾಗೆ ಆಗಸ್ಟಾ, ಸರಸೋಟ, ಪೋರ್ಟ್‌ಲ್ಯಾಂಡ್, ಪಾಟಕೆಟ್. ರಾತ್ರಿಯೆಲ್ಲ ಬಸ್ ಪ್ರಯಾಣ, ಕೈಗೆ ಪುಡಿಗಾಸು. ಮೈನರ್ ಲೀಗ್ ಆಟಗಾರರಿಗೆ ಸಂಘದ ಮೂಲಕ ಮೊದಲ ವೇತನ ಒಪ್ಪಂದವಾದದ್ದೇ 2023ರಲ್ಲಿ. ಮೇಲಿನ ಮೆಟ್ಟಿಲಿನವರ ಕನಿಷ್ಠ ಸಂಬಳ ಆಗ ವರ್ಷಕ್ಕೆ 17,500 ಡಾಲರ್‌ನಿಂದ 35,800ಕ್ಕೆ ಏರಿತು. ಬ್ಯಾಂಕ್ ನೌಕರರಾದ ನಮಗೆ ಮೊದಲ ದ್ವಿಪಕ್ಷೀಯ ಒಪ್ಪಂದ 1966ರಲ್ಲೇ ಆಗಿತ್ತು. ಈ ವಿಷಯದಲ್ಲಿ ಅಮೆರಿಕಕ್ಕಿಂತ ನಾವು ಮುಂದೆ ಎಂದು ಬರೆದುಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪಾಟಕೆಟ್ ನಾನು ಕಂಡ ಊರು. 2001ರಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡವನು ನಾನು. 2006ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಆ ಕಡೆ ಹೋಗಿದ್ದೆವು. ಪಾಟಕೆಟ್ ಹಳೆಯ ಹತ್ತಿಗಿರಣಿಗಳ ಪುಟ್ಟ ಊರು. ಅಳಿಯಂದಿರು ಒಂದು ಸಂಜೆ ಅಲ್ಲಿನ ಮೆಕಾಯ್ ಸ್ಟೇಡಿಯಂಗೆ ಕರೆದುಕೊಂಡು ಹೋದರು. ಅಲ್ಲಿ ಪ್ರೇಕ್ಷಕರ ಸೀಟು ಎತ್ತರದಲ್ಲಿ, ಆಟಗಾರರು ಕೂರುವ ಜಾಗ ನೇರ ಕೆಳಗೆ. ಸಹಿ ಬೇಕಾದ ಮಕ್ಕಳು ಪ್ಲಾಸ್ಟಿಕ್ ಹಾಲಿನ ಡಬ್ಬ ಕತ್ತರಿಸಿ, ಅದರೊಳಗೆ ಚೆಂಡು, ಪೆನ್ನು ಇಟ್ಟು, ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಮಹಡಿ ಮನೆಯವರು ತರಕಾರಿಯವನಿಗೆ ಬುಟ್ಟಿ ಇಳಿಬಿಡುವುದಿಲ್ಲವೇ, ಹಾಗೇ. ಪಕ್ಕದ ಹುಡುಗನೊಬ್ಬ ನನ್ನ ಚೆಂಡನ್ನೂ ಇಳಿಸಿದ. ಸಹಿಯಾಗಿ ಮೇಲೆ ಬಂತು. ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. 28 ವರ್ಷ ಸಹಿ ಹೋಲಿಸಿ ಚೆಕ್ ಪಾಸು ಮಾಡಿದವನು ನಾನು!

ಆ ದಿನ ಮೈದಾನದಲ್ಲಿ, ಬ್ಯಾಟನ್ನು ಮೈಯೆಲ್ಲ ತಿರುಚಿ ಬೀಸುತ್ತಿದ್ದ ಗಿಡ್ಡನೊಬ್ಬನನ್ನು ಅಳಿಯಂದಿರು ತೋರಿಸಿದ್ದರು. ಅವನೇ ಪೆಡ್ರೊಯಾ.

ಈಗ ತಮಾಷೆ ಕೇಳಿ. ಅವನು ಆಗಿನ್ನೂ ಪಾಟಕೆಟ್‌ನಲ್ಲಿದ್ದ. ಅವನಿಂದಾಗಿ ಬೆಂಚಿಗೆ ಹೋದ ಕಿನ್ಸ್‌ಲರ್ ಅದೇ ವರ್ಷ ಏಪ್ರಿಲ್ 3ಕ್ಕೆ ದೊಡ್ಡ ಲೀಗ್ ಸೇರಿಯಾಗಿತ್ತು. ಮೊದಲ ಪಂದ್ಯ ಯಾರ ಎದುರು? ಬಾಸ್ಟನ್ ರೆಡ್ ಸಾಕ್ಸ್! ಟೆಕ್ಸಸ್‌ನಲ್ಲಿ ಶಾರ್ಟ್‌ಸ್ಟಾಪ್ ಜಾಗ ಖಾಲಿ ಇರಲಿಲ್ಲ. ಅದಕ್ಕೇ ಅವನು ಮತ್ತೆ ಎರಡನೇ ಬೇಸ್ ಕಲಿತಿದ್ದ.

ಪೆಡ್ರೊಯಾಗೆ ಕರೆ ಬಂದದ್ದು ಆಗಸ್ಟ್ 22ರಂದು. ಬಾಸ್ಟನ್ ಕೂಡ ಅವನನ್ನು ಬರಬರುತ್ತ ಎರಡನೇ ಬೇಸ್‌ಗೇ ನಿಲ್ಲಿಸಿತು. ಆ ವರ್ಷ ಆಡಿದ 31 ಪಂದ್ಯಗಳಲ್ಲಿ ಅವನ ಸರಾಸರಿ .191. ಅಂದರೆ ಬ್ಯಾಟ್ ಹಿಡಿದ ನೂರು ಸಲದಲ್ಲಿ ಹತ್ತೊಂಬತ್ತು ಸಲ ಮಾತ್ರ ಚೆನ್ನಾಗಿ ಹೊಡೆದು ಬೇಸ್ ಮುಟ್ಟಿದ. ಮೂವತ್ತು ಸಲವಾದರೆ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಮರುವರ್ಷದ ಮೊದಲ ತಿಂಗಳೂ ಅದೇ ಹಣೆಬರಹ. ಕುಳ್ಳ, ದೊಡ್ಡ ಲೀಗ್‌ಗೆ ಆಗುವುದಿಲ್ಲ ಎಂಬ ಮಾತು ಜೋರಾಯಿತು. ಮ್ಯಾನೇಜರ್ ಟೆರಿ ಫ್ರಾಂಕೋನಾ ಮಾತ್ರ ಅವನನ್ನು ಕೆಳಕ್ಕೆ ಕಳಿಸಲಿಲ್ಲ. ಆ ವರ್ಷದ ಕೊನೆಗೆ ಸರಾಸರಿ .317, ವರ್ಷದ ಹೊಸ ಆಟಗಾರ ಪ್ರಶಸ್ತಿ. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ತಂಡದ ಮೊದಲ ಬ್ಯಾಟರ್ ಆಗಿ ಇಳಿದು ಹೋಮ್ ರನ್ ಬಾರಿಸಿದ, ನಮ್ಮ ಸಿಕ್ಸರ್ ಇದ್ದ ಹಾಗೆ. ಅದೂ ಎಡಗೈಯ ಮೂಳೆ ಮುರಿದಿದ್ದಾಗ. 2008ರಲ್ಲಿ ಇಡೀ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರನಾದ.

ಮೊಮ್ಮಗನಿಗೆ ಇದು ರುಚಿಸಲಿಲ್ಲ. "ಜಾಗ ಕಿತ್ತುಕೊಂಡವನೇ ಗೆದ್ದ, ಅಷ್ಟೇ ತಾನೇ?" ಅಂದ. ಇರು ಕಣೋ, ಇನ್ನೂ ಇದೆ ಅಂದೆ.

ಕಿನ್ಸ್‌ಲರ್ ಏನೂ ಹಿಂದೆ ಬೀಳಲಿಲ್ಲ. ಒಳ್ಳೊಳ್ಳೆಯ ಆಟಗಾರರ ಸಾಲಿನಲ್ಲೇ ಇದ್ದ. ಪೆಡ್ರೊಯಾಗೆ 2017ರಲ್ಲಿ, ಎದುರಾಳಿಯೊಬ್ಬ ಜಾರಿಕೊಂಡು ಬಂದು ಕಾಲಿಗೆ ಗುದ್ದಿ, ಮೊಣಕಾಲು ಹೋಯಿತು. 2018ರಲ್ಲಿ ಅವನು ಆಡಿದ್ದು ಮೂರೇ ಪಂದ್ಯ. ಬಾಸ್ಟನ್‌ನ ಎರಡನೇ ಬೇಸ್ ಬಡವಾಯಿತು. ಜುಲೈ ಕೊನೆಗೆ ಕ್ಲಬ್ ಒಬ್ಬನನ್ನು ತಂದು ಅಲ್ಲಿ ನಿಲ್ಲಿಸಿತು. ಯಾರನ್ನು?

"ಕಿನ್ಸ್‌ಲರ್!" ಎಂದು ಮೊಮ್ಮಗ ಕೂಗಿದ್ದಕ್ಕೆ ಅವನ ಅಜ್ಜಿ ಅಡುಗೆಮನೆಯಿಂದ ಇಣುಕಿ ನೋಡಿದಳು.

ಹದಿನಾರು ವರ್ಷದ ನಂತರ, ಅವನ ಜಾಗಕ್ಕೆ ಇವನು. ಆ ವರ್ಷ ಬಾಸ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು. ಕಿನ್ಸ್‌ಲರ್ ಮೂರನೇ ಪಂದ್ಯದ 13ನೇ ಇನಿಂಗ್ಸ್‌ನಲ್ಲಿ ಚೆಂಡನ್ನು ತಪ್ಪಾಗಿ ಎಸೆದ, ಗೆಲ್ಲುತ್ತಿದ್ದ ಪಂದ್ಯ ಎಳೆದುಕೊಂಡು ಹೋಗಿ 18ನೇ ಇನಿಂಗ್ಸ್‌ನಲ್ಲಿ ಸೋತರು. ಅದನ್ನು ಮುಚ್ಚಿಟ್ಟು ಕಥೆ ಹೇಳಬಾರದು. ಆದರೂ ಅವನು ಗೆದ್ದದ್ದು ಆ ಒಂದು ವರ್ಲ್ಡ್ ಸೀರೀಸನ್ನೇ.

2019ರಲ್ಲಿ ಆಟ ನಿಲ್ಲಿಸಿದಾಗ ಕಿನ್ಸ್‌ಲರ್ ಹೊಡೆದಿದ್ದ ಹಿಟ್‌ಗಳು 1,999. ಪೆಡ್ರೊಯಾನದು 1,805.

"ಇನ್ನೊಂದೇ ಒಂದು ಹೊಡೆದಿದ್ರೆ ಎರಡು ಸಾವಿರ ಆಗ್ತಿತ್ತಲ್ಲ ತಾತ!" ಮೊಮ್ಮಗ ಎರಡನೇ ದೋಸೆಗೆ ಕೈಹಾಕುತ್ತಾ ಪೇಚಾಡಿಕೊಂಡ. ನನಗೂ ಅದೇ ಕಾಟ. ನಮ್ಮ ಬ್ಯಾಂಕಿನಲ್ಲಾಗಿದ್ದರೆ, ಆ ಒಂದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ.