ರಾಷ್ಟ್ರಧ್ವಜದ ನೂಲನ್ನು ಕುರಿತು ಗೃಹಸಚಿವರಿಗೊಂದು ಬಹಿರಂಗ ಪತ್ರ

ಕೇಂದ್ರ ಸರಕಾರದ ಮಾನ್ಯ ಗೃಹಸಚಿವರಲ್ಲಿ ಸವಿನಯ ವಿಜ್ಞಾಪನೆ.

ಮಾನ್ಯರೆ,

ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಹತ್ತಿ, ಉಣ್ಣೆ, ರೇಷ್ಮೆಗಳ ಖಾದಿಗೆ ಮಾತ್ರ ಮೀಸಲಾಗಿದ್ದ ನಮ್ಮ ರಾಷ್ಟ್ರಧ್ವಜವನ್ನು ಯಂತ್ರದಿಂದಲೂ ಪಾಲಿಯೆಸ್ಟರಿನಿಂದಲೂ ಸಿದ್ಧಗೊಳಿಸಬಹುದೆಂದು 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಯಿತು. ಇದನ್ನು ಕೇವಲ ಬಟ್ಟೆಯ ಸೌಕರ್ಯದ ವಿಷಯವೆಂದು ಬಗೆಯಲು ಮನಸ್ಸು ಒಡಂಬಡದ ಕಾರಣ, ಧಾರವಾಡ ಜಿಲ್ಲೆಯ ನಿವಾಸಿಯಾದ ನಾನು ತಮಗೆ ಈ ಪತ್ರವನ್ನು ಬರೆಯುತ್ತಿದ್ದೇನೆ.

1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಯವರ ಮುಂದಿರಿಸಿದ ವಿನ್ಯಾಸ ಮೊದಲ್ಗೊಂಡು, 1931ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಕೇಸರಿ, ಬಿಳಿ, ಹಸಿರು ಬಣ್ಣಗಳ ಪತಾಕೆಯವರೆಗೆ, ಧ್ವಜದ ಬಣ್ಣಗಳೂ ಅವುಗಳ ಕ್ರಮವೂ ಬದಲಾದವು. 1947ರ ಜುಲೈ 22ರಂದು ಜವಾಹರಲಾಲ ನೆಹರೂ ಅವರು ಸಂವಿಧಾನ ಸಭೆಯ ಮುಂದೆ ನಿರ್ಣಯವನ್ನು ಮಂಡಿಸಿದಾಗ, ಆ ಪತಾಕೆಯ ನಡುವೆ ನೆಲೆಗೊಂಡಿದ್ದ ಚರಕದ ಸ್ಥಾನಕ್ಕೆ ಸಾರನಾಥದ ಅಶೋಕಸ್ತಂಭದ ಚಕ್ರವು ಬಂದಿತು. ಚರಕದ ಒಂದು ತುದಿಯಲ್ಲಿ ಚಕ್ರವೂ ಮತ್ತೊಂದು ತುದಿಯಲ್ಲಿ ಕದಿರೂ ಇರುವುದರಿಂದ ಧ್ವಜದ ಹಿಂಬದಿಯಲ್ಲಿ ಅದು ತಿರುವುಮುರುವಾಗಿ ಕಾಣುವುದೆಂಬುದೂ, ಧ್ವಜವು ಎರಡು ಕಡೆಗಳಿಂದಲೂ ಒಂದೇ ರೂಪದಲ್ಲಿ ತೋರಬೇಕೆಂಬುದೂ ಅವರು ಕೊಟ್ಟ ಕಾರಣವಾಗಿತ್ತು. ಗಾಂಧೀಜಿಯವರಿಗೆ ಇದರಿಂದ ವ್ಯಥೆಯಾಯಿತು. ಆದರೆ ನೀಲಿಯ ಚಕ್ರವು ಚರಕವನ್ನು ಪ್ರತಿನಿಧಿಸತಕ್ಕದ್ದೆಂದು ಆ ನಿರ್ಣಯದಲ್ಲಿಯೇ ಸ್ಪಷ್ಟವಾಗಿ ಬರೆದಿದೆ. ಅಂದು ಸಭೆಯಲ್ಲಿ ಪ್ರದರ್ಶಿಸಿದ ಎರಡು ಧ್ವಜಗಳಲ್ಲಿ ಒಂದು ರೇಷ್ಮೆಯದಾದರೆ ಮತ್ತೊಂದು ಹತ್ತಿಯ ಖಾದಿಯದು. ಚಿತ್ರವಾಗಿ ಮರೆಯಾದ ಚರಕವು ಅರ್ಥವಾಗಿ ಚಕ್ರದಲ್ಲಿಯೂ, ವಸ್ತುವಾಗಿ ನೂಲಿನಲ್ಲಿಯೂ ಉಳಿಯಿತೆಂದೇ ನಾನು ತಿಳಿದಿದ್ದೇನೆ. ಆ ನೂಲನ್ನೂ ಈಗ ತೆಗೆದುಬಿಟ್ಟರೆ ನಿರ್ಣಯದ ಆ ಮಾತಿಗೆ ಯಾವ ಆಧಾರವುಳಿದೀತು?

ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆಯು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ ಬಂದು ಧ್ವಜವಾಗುವ ಬಗೆಯನ್ನು ತಾವು ಒಮ್ಮೆ ಕಣ್ಣಾರೆ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಅಲ್ಲಿ ದುಡಿಯುವವರು ಬಹುಮಟ್ಟಿಗೆ ಸ್ತ್ರೀಯರೇ. ಬಣ್ಣ ಹಾಕಿದ ಪಟ್ಟಿಗಳನ್ನು ಅಳೆದು ಕತ್ತರಿಸಿ, ಮೂರಕ್ಕೆರಡರ ಪ್ರಮಾಣವು ಕೆಡದಂತೆ ಹೊಲಿಯಬೇಕು. ಬಿಳಿಯ ಪಟ್ಟಿಯ ಒಂದು ಮಗ್ಗುಲಲ್ಲಿ ಅಚ್ಚೊತ್ತಿದ 24 ಅರಗಳ ಬೆನ್ನಿಗೇ ಹಿಮ್ಮಗ್ಗುಲಿನ ಅರಗಳೂ ಕೂದಲೆಳೆಯಷ್ಟು ಜರುಗದೆ ಕೂಡಬೇಕು. ಎರಡು ಕಡೆಗಳಿಂದಲೂ ಒಂದೇ ರೂಪವೆಂದು ಸಂವಿಧಾನ ಸಭೆಯಲ್ಲಿ ಆಡಿದ ಮಾತನ್ನು ಈ ಹೆಣ್ಣುಮಕ್ಕಳು ದಿನಂಪ್ರತಿ ತಮ್ಮ ಕೈಗಳಿಂದ ನಡೆಸಿಕೊಡುತ್ತಿದ್ದಾರೆ. ಬಣ್ಣದ ಛಾಯೆಯಲ್ಲಾಗಲಿ ಎಳೆಗಳ ಎಣಿಕೆಯಲ್ಲಾಗಲಿ ಭಾರತೀಯ ಮಾನಕ ಸಂಸ್ಥೆಯ ನಿಯಮಕ್ಕೆ ಹೊಂದದ ಧ್ವಜವು ಅಲ್ಲಿಂದ ಹೊರಡುವಂತಿಲ್ಲ.

ಮನೆಮನೆಯಲ್ಲಿಯೂ ಧ್ವಜವು ಹಾರಬೇಕಾದರೆ ಖಾದಿಯೊಂದರಿಂದ ಪೂರೈಸದೆಂಬ ತಮ್ಮ ಪಕ್ಷದ ವಾದವನ್ನು ನಾನು ಬಲ್ಲೆ. ಬಡವನ ಗುಡಿಸಲಿನ ಮೇಲೆ ಅಗ್ಗದ ಬಟ್ಟೆಯ ಧ್ವಜವೊಂದು ಹಾರಿದರೆ ಅದಕ್ಕೂ ನನ್ನ ವಂದನೆಯಿದೆ. ಆದರೆ ಸಂಸದ್ಭವನ, ವಿಧಾನಸೌಧ, ಉಚ್ಚ ನ್ಯಾಯಾಲಯ, ಜಿಲ್ಲಾಧಿಕಾರಿಗಳ ಕಚೇರಿ, ಗ್ರಾಮಪಂಚಾಯತಿಗಳ ಮೇಲೆ ಸರಕಾರವೇ ಏರಿಸುವ ಧ್ವಜಕ್ಕೆ ಈ ಅನಿವಾರ್ಯತೆಯಿಲ್ಲ. ಆ ಧ್ವಜಗಳು ಕೈನೂಲಿನ ಖಾದಿಯವೇ ಆಗಿರತಕ್ಕದ್ದೆಂದು ಸಂಹಿತೆಯಲ್ಲಿ ಒಂದು ವಾಕ್ಯವನ್ನು ಸೇರಿಸಿರಿ. ಅವುಗಳ ಬೇಡಿಕೆಯನ್ನು ಆಗಸ್ಟ್ ತಿಂಗಳು ಹತ್ತಿರವಾದ ಮೇಲೆ ಕಳುಹಿಸದೆ ವರ್ಷಾರಂಭದಲ್ಲಿಯೇ ಸಂಘಗಳಿಗೆ ತಲಪಿಸುವ ಏರ್ಪಾಡನ್ನೂ ಮಾಡಿರಿ. ನೂಲುವವರಿಗೂ ನೇಯುವವರಿಗೂ ವರ್ಷವಿಡೀ ಕೆಲಸವಿದ್ದರೆ ಮಾತ್ರ ಈ ಕಸಬು ಮುಂದಿನ ತಲೆಮಾರಿಗೆ ದಾಟೀತು.

ಇತಿ ತಮ್ಮ ವಿಶ್ವಾಸಿ,
ಧಾರವಾಡ ಜಿಲ್ಲೆಯ ಒಬ್ಬ ನಾಗರಿಕ